ವಾಲ್ಯೂಮ್ ಆರು ದಾಟಿದ ಮೇಲೆ

ನಾಲ್ಕು ಟ್ಯೂಬ್ ಆಂಪ್‌ಗಳನ್ನು (ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್) ಒಂದೇ ಕೋಣೆಯಲ್ಲಿ ಸಾಲಾಗಿ ಇಟ್ಟು, ಒಂದೇ ಗಿಟಾರ್ ಹಿಡಿದು, ಒಂದಾದ ಮೇಲೆ ಒಂದನ್ನು ನುಡಿಸಿ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಕಳೆದ ತಿಂಗಳು ಅದು ಕೈಗೂಡಿತು. ಗೆಳೆಯನ ಹತ್ತಿರ ಎರಡು ಇದ್ದವು. ಇನ್ನೆರಡನ್ನು ಅವನೇ ಯಾರ ಹತ್ತಿರವೋ ಕೇಳಿ ತಂದಿದ್ದ. ಫೆಂಡರ್ ಬೇಸ್‌ಮನ್ ತರದ್ದು ಒಂದು, ಮಾರ್ಷಲ್ ಜೆಟಿಎಂ45 ತರದ್ದು ಒಂದು, ವಾಕ್ಸ್ ಎಸಿ30 ಒಂದು, ಫೆಂಡರ್ ಡಿಲಕ್ಸ್ ರಿವರ್ಬ್ ಒಂದು. ಎಲ್ಲವೂ 1950–60ರ ದಶಕಗಳ ಸರ್ಕ್ಯೂಟನ್ನೇ ಇಟ್ಟುಕೊಂಡು ಈಚೆಗೆ ಕಟ್ಟಿದವು. ದಪ್ಪ ಗೋಡೆಯ ಕೋಣೆ. ಇಡೀ ಮಧ್ಯಾಹ್ನ ನಮ್ಮದೇ.

ಮೊದಲ ಅರ್ಧ ಗಂಟೆ ನನಗೆ ಬೇಸರವೇ ಆಯಿತು. ಕಿವಿಗೆ ಹಿತವಾಗಿರಲಿ ಅಂತ ಹತ್ತರ ತನಕ ತಿರುಗುವ ವಾಲ್ಯೂಮನ್ನು ಎಲ್ಲದರಲ್ಲೂ ಎರಡಕ್ಕೆ ಇಟ್ಟುಕೊಂಡು ನುಡಿಸಿದೆ. ಒಂದು ಸ್ವಲ್ಪ ತೆಳು, ಒಂದು ಸ್ವಲ್ಪ ಮಂಕು. ಅಷ್ಟೇ ವ್ಯತ್ಯಾಸ. ಮಾರ್ಷಲ್ ತರದ ಆಂಪ್ ಅಂತೂ ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೀರಲಾಗಿತ್ತು.

"ಏನಪ್ಪಾ, ಇಷ್ಟೇನಾ?" ಅಂದೆ.

ಗೆಳೆಯ ಎದ್ದು ಬಂದ. "ನೀನಿನ್ನೂ ಆಂಪನ್ನ ಎಬ್ಬಿಸೇ ಇಲ್ಲ ಕಣೋ" ಅಂದು ಮಾರ್ಷಲ್ ತರದ್ದರ ವಾಲ್ಯೂಮನ್ನು ಎರಡರಿಂದ ಆರಕ್ಕೆ ತಿರುಗಿಸಿದ.

ಒಂದು ಇ ಕಾರ್ಡ್ (ಹಲವು ತಂತಿ ಒಟ್ಟಿಗೆ ಮೀಟುವ ಸ್ವರಗುಚ್ಛ) ಹೊಡೆದೆ. ಮೂಲೆಯಲ್ಲಿದ್ದ ಸ್ನೇರ್ ಡ್ರಮ್ ತನ್ನಷ್ಟಕ್ಕೆ ಝರ್ರ್ ಅಂತು. ಆಂಪಿನ ಮೇಲೆ ಇಟ್ಟಿದ್ದ, ತಂತಿ ಮೀಟುವ ಪಿಕ್ ಕುಣಿಯುತ್ತಾ ಕುಣಿಯುತ್ತಾ ಅಂಚಿಗೆ ಬಂದು ಕೆಳಗೆ ಬಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸದ್ದಲ್ಲ. ಎಡಗೈ ಬೆರಳಿನ ಕೆಳಗೆ ತಂತಿ ಇನ್ನೂ ಮಿಡಿಯುತ್ತಿತ್ತು. ನಾನು ಹೊಡೆದು ಐದಾರು ಸೆಕೆಂಡ್ ಆಗಿದ್ದರೂ ಸ್ವರ ಸಾಯುತ್ತಿರಲಿಲ್ಲ. ಸ್ಪೀಕರ್‌ನಿಂದ ಹೊರಟ ಗಾಳಿ ಗಿಟಾರಿನ ಮರವನ್ನು ಅಲ್ಲಾಡಿಸಿ, ಮರ ತಂತಿಯನ್ನು ಅಲ್ಲಾಡಿಸಿ, ತಂತಿ ಮತ್ತೆ ಆಂಪಿಗೆ ಉಣಿಸುತ್ತಿತ್ತು. ಆ ಕೀರಲು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಜಾಗದಲ್ಲಿ ದಪ್ಪಗೆ, ಬೆಚ್ಚಗೆ, ಅಂಚು ತುಸು ಸವೆದ ದನಿ.

ಆ ಕೀರಲಿನ ಗುಟ್ಟು ಆಮೇಲೆ ಗೊತ್ತಾಯಿತು. ಹಳೇ ಮಾರ್ಷಲ್‌ಗಳ ಬ್ರೈಟ್ ಚಾನೆಲ್‌ನಲ್ಲಿ (ಎರಡು ಇನ್‌ಪುಟ್ ದಾರಿಗಳಲ್ಲಿ ಹೆಚ್ಚು ಚುರುಕಾದದ್ದು) ವಾಲ್ಯೂಮ್ ನಾಬ್‌ಗೆ ಅಡ್ಡಲಾಗಿ ಒಂದು ಪುಟ್ಟ ಕೆಪಾಸಿಟರ್ ಕೂತಿರುತ್ತದೆ. ನಾಬ್ ಕೆಳಗಿದ್ದಾಗ ಬೇಸ್ (ತಗ್ಗಿನ ದನಿ), ಮಿಡ್ (ನಡುವಿನದು) ಎಲ್ಲ ನಾಬ್‌ನಲ್ಲೇ ತಡೆದು ನಿಲ್ಲುತ್ತವೆ. ಟ್ರೆಬಲ್ (ಎತ್ತರದ ದನಿ) ಮಾತ್ರ ಈ ಕೆಪಾಸಿಟರ್‌ನ ಒಳದಾರಿ ಹಿಡಿದು ನುಸುಳಿ ಬರುತ್ತದೆ. ನಾಬ್ ಮೇಲೇರಿದಷ್ಟೂ ಹೆಬ್ಬಾಗಿಲು ತೆರೆಯುತ್ತದೆ, ಒಳದಾರಿಗೆ ಕೆಲಸವಿಲ್ಲ. ಹತ್ತಕ್ಕೆ ತಿರುಗಿಸಿದರೆ ಆ ಕೆಪಾಸಿಟರ್ ಇದ್ದೂ ಇಲ್ಲದ ಹಾಗೆ. ಮುಂದೆ ಬಂದ ಸೂಪರ್ ಲೀಡ್ ಮಾಡೆಲ್‌ಗಳಲ್ಲಿ ಇದು 5000 ಪಿಕೋಫ್ಯಾರಡ್‌ನಷ್ಟು ದೊಡ್ಡದಿತ್ತು. ಅವುಗಳನ್ನು ಎರಡರಲ್ಲಿಟ್ಟು ನುಡಿಸಿ "ಈ ಆಂಪ್ ಕೀರಲು" ಅನ್ನುವವರನ್ನು ಕಂಡರೆ ನನಗೆ ಈಗ ಸಂಕಟ ಆಗುತ್ತದೆ. ನಾನೂ ಅದನ್ನೇ ಅಂದಿದ್ದೆ.

ಇನ್ನೊಂದು ವಿಷಯ. ವಾಲ್ಯೂಮ್ ಐದರ ತನಕ ಹೋಗುವಷ್ಟರಲ್ಲಿ ಇವುಗಳ ಸದ್ದು ಹೆಚ್ಚುಕಡಿಮೆ ಪೂರ್ತಿ ಬಂದಿರುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದರೆ ಸದ್ದು ಜಾಸ್ತಿ ಆಗುವುದಿಲ್ಲ, ದನಿ ಬದಲಾಗುತ್ತದೆ. ಟ್ಯೂಬ್‌ಗಳು ತಮ್ಮ ಕೈಲಾದಷ್ಟು ಕೊಟ್ಟಾಗಿದೆ, ನಾವು ಇನ್ನೂ ಕೇಳುತ್ತಿದ್ದೇವೆ. ಆಗ ಅಲೆಯ ತಲೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದಾಗಲೇ ಮೂಲ ಸ್ವರದ ಜೊತೆಗೆ ಹೊಸ ಹಾರ್ಮೋನಿಕ್‌ಗಳು, ಅಂದರೆ ಅದರ ಮೇಲಿನ ಉಪಸ್ವರಗಳು, ಹುಟ್ಟಿಕೊಳ್ಳುವುದು. ಆ ದಿನ ನನಗೆ ಅನಿಸಿದ್ದು ಇದು: ಒಂದೊಂದು ಆಂಪಿನ ಟೋನ್ ಅಂದರೆ ಅದು ಕೈಸೋಲುವ ರೀತಿ. ಆರಾಮಾಗಿ ಕೆಲಸ ಮಾಡುವಾಗ ಎಲ್ಲವೂ ಒಂದೇ ತರ ಕೇಳುತ್ತವೆ. ಇನ್ನು ಆಗಲ್ಲ ಅನ್ನುವ ಹಂತಕ್ಕೆ ಬಂದಾಗ ಒಂದೊಂದೂ ಒಂದೊಂದು ತರ ಬಗ್ಗುತ್ತದೆ. ಹೋಲಿಸಬೇಕಾದದ್ದು ಅಲ್ಲಿ.

ಈ ಆಂಪ್‌ಗಳನ್ನು ಮೊದಲು ಕಟ್ಟಿದವರಿಗೆ ಈ ಬಗ್ಗುವಿಕೆ ಬೇಕಾಗಿರಲೇ ಇಲ್ಲ. ಬೇಸ್‌ಮನ್ ಅನ್ನು ಹೆಸರೇ ಹೇಳುವ ಹಾಗೆ ಬೇಸ್ ಗಿಟಾರಿಗೆ ಅಂತ ಮಾಡಿದ್ದು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಕಂಪನಿ ನಡೆಸುತ್ತಿದ್ದ ಲಿಯೋ ಫೆಂಡರ್‌ಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಸ್ವಚ್ಛ ದನಿ, ಗಟ್ಟಿ ಸದ್ದು. 1950ರ ದಶಕದ ಕೊನೆಯಲ್ಲಿ ಬಂದ 5ಎಫ್6-ಎ ಅನ್ನುವ ಸರ್ಕ್ಯೂಟ್‌ನಲ್ಲಿ ಸ್ಪೀಕರಿಗೆ ಬಲ ಕೊಡುವ 6ಎಲ್6 ಜಾತಿಯ ಎರಡು ಪವರ್ ಟ್ಯೂಬ್, ನಾಲ್ಕು ಹತ್ತಿಂಚಿನ ಜೆನ್ಸನ್ ಸ್ಪೀಕರ್, ಹಿಂಬದಿ ತೆರೆದ ಪೆಟ್ಟಿಗೆ. ಬೇಸ್ ನುಡಿಸುವವರಿಗೆ ಅದು ಅಷ್ಟು ಸಾಲಲಿಲ್ಲ. ಗಿಟಾರ್ ನುಡಿಸುವವರು ಮಾತ್ರ ಬಿಡಲೇ ಇಲ್ಲ.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರದ್ದು ವಾದ್ಯದ ಅಂಗಡಿ. ಅವರು ಡ್ರಮ್ಮರ್, ಡ್ರಮ್ಸ್ ಹೇಳಿಕೊಡುತ್ತಿದ್ದವರು. ಅಂಗಡಿಗೆ ಬರುವ ಹುಡುಗರಿಗೆ ಫೆಂಡರ್ ಬೇಕು, ಆದರೆ ಅಮೆರಿಕದಿಂದ ಬರುವ ಆಂಪ್‌ಗಳು ಬಲು ದುಬಾರಿ. 1962ರಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಜೊತೆ ಸೇರಿ ಬೇಸ್‌ಮನ್ ಸರ್ಕ್ಯೂಟನ್ನೇ ಮುಂದಿಟ್ಟುಕೊಂಡು ಅವರೇ ಒಂದು ಆಂಪ್ ಕಟ್ಟಿದರು. ಜಿಮ್ ಮತ್ತು ಮಗ ಟೆರ‍್ರಿಯ ಹೆಸರು ಸೇರಿ ಜೆಟಿಎಂ ಆಯಿತು.

ಎರಡರ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅವಳಿಜವಳಿ ಅನ್ನಬೇಕು. ಆದರೂ ದನಿ ಬೇರೆ. ಯಾಕೆ ಅಂತ ನಾನು ತುಂಬಾ ತಲೆ ಕೆಡಿಸಿಕೊಂಡಿದ್ದೇನೆ. ಗಿಟಾರ್ ಸಿಗ್ನಲ್ ಮೊದಲು ಹೋಗಿ ಮುಟ್ಟುವ ಟ್ಯೂಬ್ ಬೇಸ್‌ಮನ್‌ನಲ್ಲಿ 12ಎವೈ7, ಮಾರ್ಷಲ್‌ನಲ್ಲಿ ಇಸಿಸಿ83. ಎರಡನೆಯದರ ವರ್ಧನೆಯ ಅಂಶ (ಸಿಗ್ನಲನ್ನು ಹಿಗ್ಗಿಸುವ ತಾಕತ್ತಿನ ಲೆಕ್ಕ) 100, ಮೊದಲನೆಯದರದ್ದು ಅದರ ಅರ್ಧಕ್ಕಿಂತ ಕಮ್ಮಿ. ಹಾಗಾಗಿ ಮಾರ್ಷಲ್ ಬೇಗ ತುಂಬಿಕೊಳ್ಳುತ್ತದೆ. ಇನ್ನೊಂದು, ಔಟ್‌ಪುಟ್‌ನಿಂದ ಒಂದು ಪಾಲನ್ನು ಹಿಂದಕ್ಕೆ ತಂದು ಆಂಪನ್ನು ಹದ್ದುಬಸ್ತಿನಲ್ಲಿಡುವ ನೆಗೆಟಿವ್ ಫೀಡ್‌ಬ್ಯಾಕ್. ಎರಡರಲ್ಲೂ ಅದೇ 27 ಕಿಲೋ ಓಮ್‌ನ ರೆಸಿಸ್ಟರ್. ಆದರೆ ಬೇಸ್‌ಮನ್‌ನಲ್ಲಿ ಅದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 2 ಓಮ್ ತುದಿ ಕಡೆಯಿಂದ ಬರುತ್ತದೆ, ಜೆಟಿಎಂ45ರಲ್ಲಿ 16 ಓಮ್ ಕಡೆಯಿಂದ. ಅಲ್ಲಿ ವೋಲ್ಟೇಜ್ ಜಾಸ್ತಿ, ಆದ್ದರಿಂದ ಲಗಾಮೂ ಬಿಗಿ. ಇಷ್ಟರ ಮೇಲೆ ಹತ್ತಿಂಚಿನ ಜೆನ್ಸನ್‌ಗಳ ಬದಲು ಹನ್ನೆರಡಿಂಚಿನ ನಾಲ್ಕು ಸೆಲೆಸ್ಟಿಯನ್, ಅದೂ ಹಿಂಬದಿ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ.

ಬೇಸ್‌ಮನ್ ನುಡಿಸಿದರೆ ದನಿ ಕೋಣೆ ತುಂಬಾ ಹರಡುತ್ತದೆ. ಮುಂದೆ ನಿಂತರೂ ಅಷ್ಟೇ, ಪಕ್ಕದಲ್ಲಿ ನಿಂತರೂ ಅಷ್ಟೇ. ಮೆಲ್ಲಗೆ ಮುಟ್ಟಿದರೆ ಗಾಜಿನ ಲೋಟಕ್ಕೆ ಚಮಚ ತಾಕಿದ ಹಾಗೆ. ಗಟ್ಟಿಯಾಗಿ ಹೊಡೆದರೆ ಗದರುತ್ತದೆ. ಮಾರ್ಷಲ್ ಹಾಗಲ್ಲ. ಅದರ ದನಿ ಒಂದೇ ದಿಕ್ಕಿಗೆ ನುಗ್ಗುತ್ತದೆ. ಸ್ಪೀಕರ್ ಎದುರು ನಿಂತರೆ ಎದೆಗೆ ಬಡಿಯುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಯಾರೋ ಬಾಗಿಲು ಮುಂದೆ ಮಾಡಿದ ಹಾಗೆ. ಮಿಡ್ ದಪ್ಪ, ಬೇಸ್ ಬಿಗಿ. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಜಾನ್ ಮೇಯಲ್ ಬ್ಯಾಂಡ್ ಜೊತೆ ಸ್ಟುಡಿಯೋಗೆ ಹೋದಾಗ ಈ ಜಾತಿಯದೇ ಒಂದು ಮಾರ್ಷಲ್ ಕಾಂಬೊವನ್ನು (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ವೇದಿಕೆಯಲ್ಲಿ ಇಡುವಷ್ಟೇ ಗಟ್ಟಿಯಾಗಿ ಇಟ್ಟು, ಲೆಸ್ ಪಾಲ್ ಗಿಟಾರ್ ನುಡಿಸಿದರು. ಅವತ್ತಿನ ರೆಕಾರ್ಡಿಂಗ್ ಎಂಜಿನಿಯರ್‌ಗಳಿಗೆ ಅದು ಹೊಸದು. ಗಿಟಾರ್ ಹೀಗೂ ಹಾಡಬಲ್ಲದು ಅಂತ ಜಗತ್ತಿಗೆ ಗೊತ್ತಾದ ದಿನಗಳು ಅವು.

ವಾಕ್ಸ್ ಎಸಿ30 ಬೇರೆಯದೇ ವಂಶ. ಡಿಕ್ ಡೆನ್ನಿ ಅದರ ವಿನ್ಯಾಸ ಮಾಡಿದವರು, ಟಾಮ್ ಜೆನ್ನಿಂಗ್ಸ್ ಕಂಪನಿಯ ಒಡೆಯರು. ಮೊದಲು 15 ವಾಟ್‌ನ ಎಸಿ15 ಇತ್ತು. ಶ್ಯಾಡೋಸ್ ಬ್ಯಾಂಡಿನವರು ಕಿರುಚುವ ಜನರ ಮುಂದೆ ನುಡಿಸುತ್ತಿದ್ದವರು, ಅವರಿಗೆ ಇನ್ನೂ ಗಟ್ಟಿ ಬೇಕಾಯಿತು. ಟ್ಯೂಬ್ ದುಪ್ಪಟ್ಟು ಮಾಡಿದರು. ಬೆರಳುದ್ದದ ನಾಲ್ಕು ಇಎಲ್84. ಇದರಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲವೇ ಇಲ್ಲ, ಲಗಾಮೇ ಇಲ್ಲದ ಕುದುರೆ. ಮಾರ್ಷಲ್‌ನಲ್ಲಿ ಕ್ಲೀನ್ ಎಲ್ಲಿ ಮುಗಿಯಿತು, ಡಿಸ್ಟಾರ್ಶನ್ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದು. ವಾಕ್ಸ್‌ನಲ್ಲಿ ಆಗುವುದಿಲ್ಲ. ಬೆಳಗಾದ ಹಾಗೆ ಮೆಲ್ಲಮೆಲ್ಲಗೆ ಬರುತ್ತದೆ. ಕಾರ್ಡ್ ಹೊಡೆದರೆ ಆರೂ ತಂತಿ ಬಿಡಿಬಿಡಿಯಾಗಿ ಝಲ್ ಅನ್ನುತ್ತವೆ, ಗೊಜ್ಜು ಆಗುವುದಿಲ್ಲ. ನಾನು ಅವತ್ತು ಅತಿ ಹೆಚ್ಚು ಹೊತ್ತು ನುಡಿಸಿದ್ದು ಇದನ್ನೇ.

30 ವಾಟ್ ಅಷ್ಟೇ ಇದ್ದರೂ ಅದು ಮಾರ್ಷಲ್ ಪಕ್ಕ ಮಂಕಾಗಲಿಲ್ಲ. ಇದು ಹೇಗೆ ಅಂದರೆ ಸ್ಪೀಕರ್. ವಾಕ್ಸ್‌ನಲ್ಲಿರುವ ಸೆಲೆಸ್ಟಿಯನ್ ಬ್ಲೂ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬಲ್ ಸದ್ದು ಕೊಡುತ್ತದೆ. ಮಾರ್ಷಲ್ ಪೆಟ್ಟಿಗೆಗಳಲ್ಲಿ ಬರುವ ಗ್ರೀನ್‌ಬ್ಯಾಕ್ ಅದಕ್ಕಿಂತ ಎರಡು ಮೂರು ಡೆಸಿಬಲ್ ಕಮ್ಮಿ. ಮೂರು ಡೆಸಿಬಲ್ ಅಂದರೆ ಆಂಪಿನ ವಾಟ್ ದುಪ್ಪಟ್ಟು ಮಾಡಿದಷ್ಟು. ಜನ ಟ್ಯೂಬ್ ಬದಲಾಯಿಸಿ, ಕೆಪಾಸಿಟರ್ ಬದಲಾಯಿಸಿ ದನಿ ಹುಡುಕುತ್ತಾರೆ. ನನ್ನ ಕೇಳಿದರೆ ಮೊದಲು ಸ್ಪೀಕರ್ ಬದಲಾಯಿಸಿ ನೋಡಿ ಅನ್ನುತ್ತೇನೆ. ಕಾಗದದ ಆ ಕೋನ್ ಕೂಡ ಗಟ್ಟಿ ಸದ್ದಿಗೆ ಬಗ್ಗುತ್ತದೆ, ಅದಕ್ಕೂ ಅದರದ್ದೇ ಒಂದು ಗುರುಗುರು ಇದೆ.

ವಾಟ್ ವಿಷಯ ಬಂದಾಗ ಇದನ್ನೂ ಹೇಳಿಬಿಡುತ್ತೇನೆ. 100 ವಾಟ್ ಆಂಪ್ 50 ವಾಟ್‌ಗಿಂತ ಎರಡು ಪಟ್ಟು ಗಟ್ಟಿ ಅಲ್ಲ. ಮೂರು ಡೆಸಿಬಲ್ ಜಾಸ್ತಿ, ಅಷ್ಟೇ. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಅಂದರೆ 5 ವಾಟ್‌ನ ಪುಟ್ಟ ಆಂಪ್ ಕೂಡ 50 ವಾಟ್‌ನ ಅರ್ಧದಷ್ಟು ಗಟ್ಟಿ. 1965ರ ಸುಮಾರಿಗೆ ದಿ ಹೂ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಮಾರ್ಷಲ್‌ಗೆ ಹೋಗಿ 100 ವಾಟ್ ಬೇಕು ಅಂದಾಗ ಅವರಿಗೆ ಸಿಕ್ಕಿದ್ದು ಸದ್ದು ಮಾತ್ರ ಅಲ್ಲ, ಬಗ್ಗದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುವ ಬೆನ್ನುಮೂಳೆ. ಆ ದಾರಿಯಲ್ಲೇ ಮುಂದೆ ಹೋಗಿದ್ದು ಡೇವ್ ರೀವ್ಸ್ ಅವರ ಹೈವಾಟ್. ಫೆಂಡರ್‌ನ 85 ವಾಟ್‌ನ ಟ್ವಿನ್ ರಿವರ್ಬ್ ಕೂಡ ಅಂಥದ್ದೇ. ಕಿವಿ ಸೋತರೂ ಆಂಪ್ ಸೋಲುವುದಿಲ್ಲ. ಅವುಗಳ ಮೇಲೆ ನನಗೆ ಗೌರವ ಇದೆ, ಒಲವು ಇಲ್ಲ.

ಒಲವು ಇದ್ದದ್ದು ಆ ಸಾಲಿನ ಅತಿ ಚಿಕ್ಕದರ ಮೇಲೆ. ಡಿಲಕ್ಸ್ ರಿವರ್ಬ್ 22 ವಾಟ್, ಎರಡು 6ವಿ6, ಹನ್ನೆರಡಿಂಚಿನ ಒಂದೇ ಸ್ಪೀಕರ್. 1963ರಲ್ಲಿ ಬಂದದ್ದು. ಮಿಡ್ ತಗ್ಗು, ಟ್ರೆಬಲ್ ಮಿನುಗು. ವಾಲ್ಯೂಮ್ ನಾಲ್ಕರಲ್ಲಿ ಸುಮ್ನೆ ಒಂದು ಕಾರ್ಡ್ ಹೊಡೆದು ಕೂತರೂ ಸಾಕು ಅನಿಸುತ್ತದೆ. ಆದರೆ ಏಳು ದಾಟಿಸಿದರೆ ಬೇಸ್ ಜೋತುಬೀಳುತ್ತದೆ, ದಪ್ಪ ತಂತಿ ಒದ್ದೆ ಬಟ್ಟೆ ಬಿದ್ದ ಹಾಗೆ ಕೇಳುತ್ತದೆ. ಇದಕ್ಕೆ ಸರಿಯಾದ ಜಾಗ ಐದು. ಆಗ ಅದು ಪೂರ್ತಿ ಸೋತೂ ಇಲ್ಲ, ಗೆದ್ದೂ ಇಲ್ಲ.

ಈಗ ಎಲ್ಲಕ್ಕಿಂತ ನನ್ನನ್ನು ಹಿಡಿದದ್ದನ್ನು ಹೇಳಬೇಕು. ರೆಕ್ಟಿಫೈಯರ್. ಗೋಡೆಯಿಂದ ಬರುವ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ. ಸಿಗ್ನಲ್ ಅದರ ಮೂಲಕ ಹಾದು ಹೋಗುವುದೇ ಇಲ್ಲ. ಆದರೂ ಅದು ಬೆರಳಿಗೆ ಗೊತ್ತಾಗುತ್ತದೆ. ಈ ನಾಲ್ಕೂ ಆಂಪ್‌ಗಳಲ್ಲಿ ಆ ಕೆಲಸಕ್ಕೂ ಜಿಝಡ್34 ಅನ್ನುವ ಟ್ಯೂಬೇ ಇದೆ. ಗಟ್ಟಿಯಾಗಿ ಹೊಡೆದಾಗ ಪವರ್ ಟ್ಯೂಬ್‌ಗಳು ಒಮ್ಮೆಲೇ ಕರೆಂಟ್ ಕೇಳುತ್ತವೆ. ರೆಕ್ಟಿಫೈಯರ್ ಟ್ಯೂಬ್ ಅಷ್ಟು ಬೇಗ ಕೊಡಲಾರದು. ವೋಲ್ಟೇಜ್ ಕುಸಿಯುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ಇದನ್ನೇ ಸ್ಯಾಗ್ ಅನ್ನುವುದು.

ಬೇಸ್‌ಮನ್‌ನಲ್ಲಿ ವಾಲ್ಯೂಮ್ ಏಳಕ್ಕಿಟ್ಟು ಮೂರನೇ ತಂತಿಯಲ್ಲಿ ಒಂದೇ ಸ್ವರ ನುಡಿಸಿದೆ. ಒಂಬತ್ತನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ). ಜೋರಾಗಿ ಹೊಡೆದೆ. ಪಿಕ್ ತಾಕಿದ ಟಕ್ ಅನ್ನುವ ಏಟು ಮೆತ್ತಗಾಯಿತು, ಯಾರೋ ಅದರ ಮೇಲೆ ಅಂಗೈ ಇಟ್ಟ ಹಾಗೆ. ಅದಾದ ಮೇಲೆ ಸ್ವರ ಉಬ್ಬಿ ಬಂತು. ಹೊಡೆದ ಕ್ಷಣಕ್ಕಿಂತ ಆಮೇಲಿನ ಕ್ಷಣ ದೊಡ್ಡದು. ತಂತಿ ಎಳೆದು ಸ್ವರ ಬಾಗಿಸಿದೆ. ಬಾಗುತ್ತಾ ಬಾಗುತ್ತಾ ಸ್ವರ ಇನ್ನೂ ತುಂಬಿಕೊಂಡಿತು. ಅದನ್ನೇ ಇಪ್ಪತ್ತು ಸಲ ಮಾಡಿದೆ. ಗೆಳೆಯ ಸುಮ್ಮನೆ ಕೂತು ಕೇಳಿದ. ಅವನಿಗೆ ಆ ಹುಚ್ಚು ಗೊತ್ತು.

ವಿದ್ಯುತ್ ಭಾಗ ಕೆಟ್ಟರೆ ಏನಾಗುತ್ತದೆ ಅನ್ನೋದನ್ನೂ ನಾನು ಹಿಂದೊಮ್ಮೆ ಕೇಳಿದ್ದೇನೆ. ನನ್ನದೇ ಒಂದು ಹಳೇ ಆಂಪ್. ಎತ್ತರದ ಸ್ವರ ಬಾಗಿಸಿದಾಗೆಲ್ಲ ಅದರ ಕೆಳಗೆ ಇನ್ನೊಂದು ಅಪಸ್ವರ ನೆರಳಿನ ಹಾಗೆ ಓಡುತ್ತಿತ್ತು. ನಾನು ಬೆರಳನ್ನು ಬೈದುಕೊಂಡೆ, ಗಿಟಾರಿನ ಫ್ರೆಟ್ ಸರಿ ಮಾಡಿಸಿದೆ, ತಂತಿ ಬದಲಾಯಿಸಿದೆ. ಹೋಗಲಿಲ್ಲ. ಕೊನೆಗೆ ತಿಳಿದವರು ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿವೆ ಅಂದರು. 50 ಹರ್ಟ್ಸ್ ಕರೆಂಟಿನ ಊರುಗಳಲ್ಲಿ ರೆಕ್ಟಿಫೈಯರ್ ದಾಟಿದ ಮೇಲೆ 100 ಹರ್ಟ್ಸ್‌ನ ಗುಂಯ್ ಅನ್ನುವ ಅಲೆ ಉಳಿಯುತ್ತದೆ. ಅದನ್ನು ಆ ಕೆಪಾಸಿಟರ್‌ಗಳು ನುಂಗಬೇಕು. ನುಂಗದಿದ್ದರೆ ಅದು ನಾವು ನುಡಿಸಿದ ಸ್ವರದ ಜೊತೆ ಬೆರೆತು ಹೀಗೆ ಭೂತಸ್ವರ ಹುಟ್ಟಿಸುತ್ತದೆ. ಅವನ್ನು ಬದಲಾಯಿಸಿದ ದಿನ ಆ ನೆರಳು ಮಾಯವಾಯಿತು. ನೀವೇ ಬಿಚ್ಚಿ ನೋಡಲು ಮಾತ್ರ ಹೋಗಬೇಡಿ. ಒಳಗೆ 400 ವೋಲ್ಟ್‌ಗೂ ಜಾಸ್ತಿ ಇರಬಹುದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಕೂತಿರುತ್ತದೆ. ಹಾಗೇ ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಹೋಲಿಕೆ ಮಾಡುವಾಗ ನಾವು ಒಂದು ಎಚ್ಚರ ಇಟ್ಟುಕೊಂಡಿದ್ದೆವು. ಎರಡು ದನಿಯಲ್ಲಿ ತುಸು ಗಟ್ಟಿ ಇರುವುದೇ ಕಿವಿಗೆ ಚಂದ ಅನಿಸುತ್ತದೆ. ಸದ್ದು ಜಾಸ್ತಿಯಾದಷ್ಟೂ ಬೇಸ್ ಮತ್ತು ಟ್ರೆಬಲ್ ಎರಡೂ ಕಿವಿಗೆ ಹೆಚ್ಚು ತಲುಪುತ್ತವೆ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು 1933ರಲ್ಲೇ ತೋರಿಸಿಕೊಟ್ಟಿದ್ದಾರೆ. ಅದಕ್ಕೇ ಸದ್ದಳೆಯುವ ಮೀಟರ್ ಇಟ್ಟು, ಪ್ರತಿ ಆಂಪನ್ನೂ ಅದರ ಹದಕ್ಕೆ ತಂದ ಮೇಲೆ, ಗಟ್ಟಿ ಇದ್ದದ್ದರಿಂದ ಹಿಂದಕ್ಕೆ ಸರಿದು ನಿಂತು ಕೇಳಿದೆವು. ಮೀಟರ್ 105 ದಾಟಿದಾಗ ಸ್ವಲ್ಪ ಭಯವೂ ಆಯಿತು. ಕಿವಿ ಕೆಡದಿರಬೇಕಾದರೆ 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಅನ್ನುವುದು ಲೆಕ್ಕ. ಪ್ರತಿ ಮೂರು ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಬಂದರೆ ಹದಿನೈದು ನಿಮಿಷ. ಹಿಂದೊಮ್ಮೆ ಬರಿಗಿವಿಯಲ್ಲಿ ನುಡಿಸಿ ಎರಡು ದಿನ ಕಿವಿಯೊಳಗೆ ಕುಂಯ್ ಅನ್ನುತ್ತಿತ್ತು. ಆ ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ, ಇದು ನಿಲ್ಲದೇ ಹೋದರೆ ಏನು ಗತಿ ಅಂತ. ಅಂದಿನಿಂದ ಇಯರ್‌ಪ್ಲಗ್ ಇಲ್ಲದೆ ಆಂಪಿನ ದನಿ ಹೊರಡಿಸುವ ಸ್ಟ್ಯಾಂಡ್‌ಬೈ ಸ್ವಿಚ್ ಮುಟ್ಟುವುದಿಲ್ಲ.

ಸದ್ದು ತಗ್ಗಿಸಿ ದನಿ ಉಳಿಸಿಕೊಳ್ಳುವ ದಾರಿಗಳನ್ನು ಜನ ಎಂದಿನಿಂದಲೂ ಹುಡುಕುತ್ತಿದ್ದಾರೆ. ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲೆನ್ ವೇರಿಯಾಕ್ ಅನ್ನುವ, ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟು ಆಂಪಿಗೆ ಹೋಗುವ ವೋಲ್ಟೇಜನ್ನೇ ಇಳಿಸುತ್ತಿದ್ದರು. 1970ರ ದಶಕದ ನಡುವಿನಿಂದ ಮಾರ್ಷಲ್‌ಗಳಲ್ಲಿ ಒಟ್ಟು ಸದ್ದನ್ನು ಬೇರೆಯಾಗಿ ತಗ್ಗಿಸುವ ಮಾಸ್ಟರ್ ವಾಲ್ಯೂಮ್ ನಾಬ್ ಬಂತು. ಆಂಪ್ ಮತ್ತು ಸ್ಪೀಕರ್ ನಡುವೆ ಕೂತು ಪವರನ್ನು ಬಿಸಿಯಾಗಿ ಕಳೆಯುವ ಅಟೆನ್ಯುಯೇಟರ್‌ಗಳಿವೆ. ನಾವೂ ಒಂದನ್ನು ಜೋಡಿಸಿ ನೋಡಿದೆವು. ಸ್ವಲ್ಪ ಇಳಿಸಿದಾಗ ಚೆನ್ನಾಗಿಯೇ ಇತ್ತು. ಮಾತಾಡುವಷ್ಟು ಸದ್ದಿಗೆ ಇಳಿಸಿದಾಗ ಟ್ಯೂಬ್ ದುಡಿಯುತ್ತಿತ್ತು, ಆದರೆ ಸ್ಪೀಕರ್ ಮಲಗಿತ್ತು, ಗಿಟಾರಿನ ಮರವೂ ಮಲಗಿತ್ತು. ದನಿಯ ಫೋಟೋ ನೋಡಿದ ಹಾಗಾಯಿತು. ಮನೆಯಲ್ಲಿ ನುಡಿಸುವವರಿಗೆ ಅದಕ್ಕಿಂತ 5 ವಾಟ್‌ನ ಪುಟ್ಟ ಆಂಪನ್ನು ಪೂರ್ತಿ ತಿರುಗಿಸಿ ನುಡಿಸುವುದು ಮೇಲು ಅಂತ ನನ್ನ ಅಭಿಪ್ರಾಯ.

ಸಂಜೆಯ ಹೊತ್ತಿಗೆ ಮತ್ತೆ ಮಾರ್ಷಲ್‌ಗೆ ಬಂದೆ. ಎರಡು ಚಾನೆಲ್‌ಗಳನ್ನು ಒಂದು ಗೇಣುದ್ದದ ಕೇಬಲ್‌ನಿಂದ ಸೇರಿಸಿದೆವು, ಬ್ರೈಟ್ ಚಾನೆಲ್ ಏಳು, ನಾರ್ಮಲ್ ಐದು. ಆಂಪನ್ನು ಮತ್ತೆ ಮುಟ್ಟಲಿಲ್ಲ. ಗಿಟಾರಿನ ವಾಲ್ಯೂಮನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿದೆ. ಗದರುತ್ತಿದ್ದ ದನಿ ತಣ್ಣಗಾಯಿತು, ಅದೇ ಇ ಕಾರ್ಡ್ ತಿಳಿನೀರಿನ ಹಾಗೆ ಕೇಳಿತು. ಕಿರುಬೆರಳಿನಲ್ಲಿ ನಾಬ್ ಮೆಲ್ಲಗೆ ಏರಿಸುತ್ತಾ ಹೋದೆ. ಐದರಲ್ಲಿ ಅಂಚು ಕಾಣಿಸಿಕೊಂಡಿತು. ಆರರಲ್ಲಿ ಗಟ್ಟಿಯಾಗಿ ಹೊಡೆದರೆ ಮಾತ್ರ ಗುರುಗುಟ್ಟಿತು, ಮೆಲ್ಲಗೆ ಹೊಡೆದರೆ ಇಲ್ಲ. ಎಂಟರಲ್ಲಿ ಸ್ನೇರ್ ಮತ್ತೆ ಝರ್ರ್ ಅಂತು. ಮಧ್ಯಾಹ್ನ ನಾನು ಕಾಲು ಇಂಚು ತಿರುಗಿಸಲು ಹೆದರಿದ್ದ ಆಂಪ್ ಈಗ ಕಿರುಬೆರಳಿನ ಮಾತು ಕೇಳುತ್ತಿತ್ತು.

"ಸಾಕಾ?" ಅಂದ ಗೆಳೆಯ.

"ಇನ್ನೊಂದೇ ಸಲ" ಅಂದೆ.

ಅದು ಇನ್ನೂ ಮುಕ್ಕಾಲು ಗಂಟೆ ಆಯಿತು. ಆಮೇಲೆ ಒಂದೊಂದಾಗಿ ಸ್ವಿಚ್ ಆರಿಸಿದೆವು. ಟ್ಯೂಬ್‌ಗಳ ಕೆಂಪು ಕಿಡಿ ನಿಧಾನವಾಗಿ ಮಾಸಿತು, ಕಬ್ಬಿಣ ತಣಿಯುವಾಗ ಟಿಕ್ ಟಿಕ್ ಅನ್ನುವುದು ಕೇಳಿಸಿತು. ಮುಂದಿನ ಸಲ ವಾಕ್ಸ್‌ನ ಆಂಪ್ ಭಾಗವನ್ನು ಮಾರ್ಷಲ್‌ನ ಮುಚ್ಚಿದ ಪೆಟ್ಟಿಗೆಗೆ ಜೋಡಿಸಿ ನೋಡೋಣ ಅಂತ ಮಾತಾಡಿಕೊಂಡಿದ್ದೇವೆ. ಆಂಪಿಗೂ ಸ್ಪೀಕರಿಗೂ ಓಮ್ ಸರಿಹೊಂದಿಸುವುದು ಹೇಗೆ ಅಂತ ಅವನು ಆಗಲೇ ಕಾಗದ ತೆಗೆದು ಗೀಚುತ್ತಿದ್ದ.